ಫೋರ್ಕ್ ಬ್ರೇಸ್: ಬಿಗಿಯುವ ಮೊದಲು ಕೂರಲು ಬಿಡಿ

ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಯಿಂದ ಪಕ್ಕದ ಡಾಂಬರು ರಸ್ತೆಗೆ ಇಳಿಯುವ ಜಾಗ ನೆನಪಿಸಿಕೊಳ್ಳಿ. ಹ್ಯಾಂಡಲ್ ನೇರವಾಗಿಯೇ ಇರುತ್ತದೆ. ಆದರೆ ಮುಂದಿನ ಚಕ್ರ ಒಂದು ಕ್ಷಣ ಪಕ್ಕಕ್ಕೆ ಎಳೆದಂತಾಗಿ, ಆಮೇಲೆ ದಾರಿಗೆ ಬರುತ್ತದೆ. ಉದ್ದ ಫೋರ್ಕ್ ಇರುವ ಬೈಕ್ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ನನ್ನ ಹಳೇ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ಕ್ಕೆ ಫೋರ್ಕ್ ಬ್ರೇಸ್ ಹಾಕಬೇಕು ಅನ್ನಿಸಿದ್ದೂ ಇದೇ ಕಾರಣಕ್ಕೆ. ಮನೆಯ ಪಾರ್ಕಿಂಗ್‌ನಲ್ಲೇ, ಒಂದು ಭಾನುವಾರ ಬೆಳಗ್ಗೆ ಮುಗಿಯುವ ಕೆಲಸ ಇದು.

ಮುಂದಿನ ಫೋರ್ಕ್‌ಗೆ ಎರಡು ಕಾಲು. ಪ್ರತಿ ಕಾಲಿನಲ್ಲೂ ಮೇಲೆ ಹೊಳೆಯುವ ಕ್ರೋಮ್ ಪೈಪು, ಅದರ ಮೇಲೆ ಜಾರುವ ದಪ್ಪ ಅಲ್ಯೂಮಿನಿಯಂ ಕೊಳವೆ. ಈ ಎರಡು ಕೊಳವೆಗಳನ್ನು ತಳದಲ್ಲಿ ಆಕ್ಸಲ್ ಹಿಡಿದಿರುತ್ತದೆ. ಅವುಗಳ ಬಾಯಿಯ ಹತ್ತಿರ ಮಡ್‌ಗಾರ್ಡ್ ಬಿಟ್ಟರೆ ಗಟ್ಟಿಯಾದ ಆಸರೆ ಇಲ್ಲ. ಕೆಳಗಿನ ಮೆಟ್ಟಿಲು ಮಾತ್ರ ಇರುವ ಏಣಿ ಹಿಡಿದು ನೋಡಿ, ತಿರುಚಿಕೊಳ್ಳುತ್ತದೆ ಅಲ್ವಾ? ಬ್ರೇಸ್ ಅಂದರೆ ಮೇಲಿನ ಮೆಟ್ಟಿಲು. ಚಕ್ರದ ಮೇಲೆ ಕಮಾನಿನಂತೆ ಕೂತು ಎರಡೂ ಕೊಳವೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಹೊಂಡಕ್ಕೆ ಬಿದ್ದಾಗ ಕೈಗೆ ಬರುವ ಏಟು ಇದರಿಂದ ಕಮ್ಮಿ ಆಗುವುದಿಲ್ಲ. ಅದು ಸ್ಪ್ರಿಂಗ್ ಮತ್ತು ಎಣ್ಣೆಯ ಕೆಲಸ.

ನಿಮ್ಮ ಬೈಕ್‌ಗೆ ಬೇಕಾ?

ಫೋರ್ಕ್ ತಲೆಕೆಳಗಾಗಿರುವ, ಅಂದರೆ ದಪ್ಪ ಭಾಗ ಮೇಲಿರುವ ಬೈಕ್ ಆದರೆ ಈ ಬ್ರೇಸ್ ಹಾಕಲು ಆಗುವುದಿಲ್ಲ. ಹಿಮಾಲಯನ್ 450 ಈ ಜಾತಿಯದು. 411ರಲ್ಲಿ ಇರುವುದು 41 ಮಿ.ಮೀ. ದಪ್ಪದ ಮಾಮೂಲಿ ಫೋರ್ಕ್. ಓಟ, ಅಂದರೆ ಫೋರ್ಕ್ ಒಳಗೆ ಹೋಗಬಲ್ಲ ದೂರ, 200 ಮಿ.ಮೀ., ಚಕ್ರ 21 ಇಂಚು. ಕಾಲು ಇಷ್ಟು ಉದ್ದ, ಚಕ್ರ ಇಷ್ಟು ದೊಡ್ಡದಿದ್ದರೆ ತಿರುಚುವುದೂ ಜಾಸ್ತಿ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲವಾಗಿರಬಹುದು. ಕ್ರೋಮ್ ಪೈಪಿನ ಮೇಲೆ ಎಣ್ಣೆ ಜಿಡ್ಡು ಕಂಡರೆ ಎಣ್ಣೆ ತಡೆಯುವ ಸೀಲ್ ಹೋಗಿದೆ. ಇವನ್ನು ಸರಿ ಮಾಡದೆ ಸುಮ್ನೆ ಬ್ರೇಸ್ ಹಾಕಿದರೆ ಪ್ರಯೋಜನವಿಲ್ಲ. ಎಷ್ಟೋ ಸಲ ಕೋನ್ ಸೆಟ್ ಸರಿ ಮಾಡಿದ ಮೇಲೆ ಬ್ರೇಸೇ ಬೇಡ ಅನ್ನಿಸುತ್ತದೆ.

ಬ್ರೇಸ್‌ನಲ್ಲಿ ಎರಡು ಬಗೆ. ಒಂದು ಮಡ್‌ಗಾರ್ಡ್ ಬೋಲ್ಟ್‌ಗಳ ಜಾಗದಲ್ಲೇ ಕೂರುತ್ತದೆ. ಇನ್ನೊಂದು ಕೊಳವೆಯನ್ನು ಸುತ್ತಲೂ ಕ್ಲಾಂಪ್‌ನಿಂದ ಹಿಡಿಯುತ್ತದೆ. ನನಗೆ ಎರಡನೆಯದೇ ಇಷ್ಟ, ಹಿಡಿತ ಜಾಸ್ತಿ. ನಿಮ್ಮ ಮಾಡೆಲ್ ಮತ್ತು ವರ್ಷಕ್ಕೆಂದೇ ಮಾಡಿದ್ದನ್ನು ಕೊಳ್ಳಿ. "ಎಲ್ಲ ಬೈಕಿಗೂ ಆಗುತ್ತೆ" ಅನ್ನುವುದನ್ನು ಬಿಟ್ಟುಬಿಡಿ.

ಹೊಂದಿಸಿಕೊಳ್ಳಬೇಕಾದ್ದು

5 ಮತ್ತು 6 ಮಿ.ಮೀ. ಅಲೆನ್ ಕೀ, ಮಡ್‌ಗಾರ್ಡ್ ಮತ್ತು ಆಕ್ಸಲ್‌ಗೆ ಬೇಕಾದ ಸ್ಪ್ಯಾನರ್, ಅಳತೆ ಟೇಪು, ಒಂದು ಕೇಬಲ್ ಟೈ, ಹಳೇ ಬನಿಯನ್ ಬಟ್ಟೆ, ಬೋಲ್ಟ್ ಸಡಿಲವಾಗದಂತೆ ಹಾಕುವ ಅಂಟು, ಅಂದರೆ ನೀಲಿ ಬಣ್ಣದ ಥ್ರೆಡ್ ಲಾಕರ್. ಕೆಂಪು ಬೇಡ, ಅದನ್ನು ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಜೊತೆಗೆ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸಣ್ಣ ಟಾರ್ಕ್ ರೆಂಚ್. ಕಾರಿನ ಚಕ್ರಕ್ಕೆ ಬಳಸುವ ದೊಡ್ಡದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 5ರಿಂದ 25 ನ್ಯೂಟನ್ ಮೀಟರ್‌ವರೆಗೆ ತೋರಿಸುವಂಥದ್ದು ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ಗಂಟೆ ಸುತ್ತಿದರೆ ಇವೆಲ್ಲ ಸಿಗುತ್ತವೆ.

ಮೊದಲು ಅಳತೆ

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಭಾರ ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಈಗ ಫೋರ್ಕ್ ಪೂರ್ತಿ ಚಾಚಿಕೊಂಡಿರುತ್ತದೆ. ಬ್ರೇಸನ್ನು ಅದರ ಜಾಗದಲ್ಲಿ ಕೈಯಲ್ಲಿ ಹಿಡಿದು, ಅದರ ತುದಿಯಿಂದ, ಮೇಲೆ ಎರಡೂ ಕ್ರೋಮ್ ಪೈಪುಗಳನ್ನು ಒಟ್ಟಿಗೆ ಹಿಡಿದಿರುವ ಬೈಕಿನ ಕ್ಲಾಂಪ್‌ನ ತಳದವರೆಗೆ ಅಳೆಯಿರಿ. ಈ ಅಂತರ ಫೋರ್ಕ್‌ನ ಓಟಕ್ಕಿಂತ ಜಾಸ್ತಿ ಇರಲೇಬೇಕು. 411ಕ್ಕಾದರೆ 200 ಮಿ.ಮೀ., ಅದರ ಮೇಲೆ ಇನ್ನೊಂದಿಷ್ಟು. ಕಮ್ಮಿ ಇದ್ದರೆ ದೊಡ್ಡ ಹೊಂಡದಲ್ಲಿ ಬ್ರೇಸ್ ಹೋಗಿ ಮೇಲೆ ಬಡಿಯುತ್ತದೆ. ಮುಂದಕ್ಕೆ ಚಾಚಿದ ಮೇಲಿನ ಮಡ್‌ಗಾರ್ಡ್, ಹಾರ್ನ್, ಬ್ರೇಕ್ ಹೋಸ್‌ನ ಕೊಂಡಿ ಇವಕ್ಕೂ ಇದೇ ಲೆಕ್ಕ. ಟೈರಿಗೂ ಬ್ರೇಸಿಗೂ ನಡುವೆ ಸಣ್ಣ ಕಲ್ಲು ಸಿಕ್ಕರೂ ಹೊರಬೀಳುವಷ್ಟು ಜಾಗ ಬಿಡಿ.

ಆಮೇಲೆ ಕ್ರೋಮ್ ಪೈಪನ್ನು ಮುಚ್ಚಿರುವ ರಬ್ಬರ್ ಗೇಟರ್ ಮೇಲಕ್ಕೆ ಸರಿಸಿ, ಕೊಳವೆಯ ಬಾಯಿಯ ಸುತ್ತ ಚೆನ್ನಾಗಿ ಒರೆಸಿ. ಕ್ಲಾಂಪ್ ಅಡಿಯಲ್ಲಿ ಮರಳಿನ ಒಂದು ಕಾಳು ಉಳಿದರೂ ಬ್ರೇಸ್ ಓರೆಯಾಗುತ್ತದೆ. ಕ್ಲಾಂಪ್, ಕೊಳವೆಯ ಬಾಯಲ್ಲಿ ಧೂಳು ತಡೆಯುವ ಡಸ್ಟ್ ಸೀಲ್ ಮೇಲೆ ಕೂರಬಾರದು.

ಕಾಲುಗಳನ್ನು ನೇರ ಮಾಡುವುದು

ನಾನು ಮೊದಲ ಸಲ ಈ ಹಂತ ಬಿಟ್ಟುಬಿಟ್ಟಿದ್ದೆ. ಬ್ರೇಸ್ ಇಟ್ಟು ಬೋಲ್ಟ್‌ಗಳನ್ನು ಒಂದಾದ ಮೇಲೆ ಒಂದು ಪೂರ್ತಿ ಬಿಗಿದೆ. ನೋಡಲು ಗಟ್ಟಿಯಾಗಿತ್ತು. ಬೀದಿ ಕೊನೆಯ ಹಂಪ್ ದಾಟಿದಾಗ ಮುಂಭಾಗ ತಗ್ಗಿತು, ಆದರೆ ಪೂರ್ತಿ ಮೇಲೇಳಲಿಲ್ಲ. ನಮ್ಮ ಏರಿಯಾದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಏನೂ ಕೇಳದೆ ಅಲೆನ್ ಕೀ ಹಾಕಿ ಬ್ರೇಸ್‌ನ ಒಂದು ಬದಿ ಸಡಿಲ ಮಾಡಿದರು. ಫೋರ್ಕ್ ತಾನಾಗಿಯೇ ಒಂದು ಬೆರಳಷ್ಟು ಮೇಲೆದ್ದಿತು. "ಬಿಗಿ ಮಾಡೋದು ಕೊನೇ ಕೆಲ್ಸ ಸಾರ್. ಮೊದ್ಲು ಅದು ಕೂತ್ಕೋಬೇಕು" ಅಂದರು.

ಆಗಿದ್ದಿಷ್ಟು. ಎರಡು ಕಾಲುಗಳು ಒಂದಕ್ಕೊಂದು ಸಮಾನಾಂತರವಾಗಿ ಜಾರಬೇಕು. ಬ್ರೇಸ್ ಅವನ್ನು ಚೂರೇ ಚೂರು ಒಳಗೆಳೆದರೂ, ಒಳಗಿನ ಬುಷ್ ಪೈಪಿಗೆ ಉಜ್ಜಿ ಫೋರ್ಕ್ ಹಿಡಿದುಕೊಳ್ಳುತ್ತದೆ. ಹಾಗೇ ಓಡಿಸಿದರೆ ಬುಷ್ ಸವೆಯುತ್ತದೆ, ಸೀಲ್ ಸೋರುತ್ತದೆ.

ಹಾಗಾಗಿ ಬೈಕನ್ನು ಸ್ಟ್ಯಾಂಡ್‌ನಿಂದ ಇಳಿಸಿ, ಎರಡೂ ಚಕ್ರ ನೆಲದ ಮೇಲಿರಲಿ. ಹಿಡಿದುಕೊಳ್ಳಲು ಒಬ್ಬರನ್ನು ಕರೆಯಿರಿ. ಫೋರ್ಕ್ ತಳದಲ್ಲಿ ಆಕ್ಸಲ್ ಅನ್ನು ಹಿಡಿಯುವ ಪಿಂಚ್ ಬೋಲ್ಟ್ ಇದ್ದರೆ ಅದನ್ನು ಸಡಿಲ ಮಾಡಿ, ಆಕ್ಸಲ್ ನಟ್ಟು ಬಿಗಿಯಾಗಿಯೇ ಇರಲಿ. ಮುಂದಿನ ಚಕ್ರವನ್ನು ಗೋಡೆಗೆ ತಾಗಿಸಿ ಹ್ಯಾಂಡಲ್ ಮೇಲೆ ಭಾರ ಹಾಕಿ ಐದಾರು ಸಲ ಒತ್ತಿ ಬಿಡಿ. ಕಾಲು ಆಕ್ಸಲ್ ಮೇಲೆ ಸರಿದು ತನಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತದೆ. ಈಗ ಪಿಂಚ್ ಬೋಲ್ಟನ್ನು ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಬಿಗಿಯಿರಿ.

ಬ್ರೇಸ್ ಕೂರಿಸುವುದು

ಎಲ್ಲ ಬೋಲ್ಟ್‌ಗಳನ್ನೂ ಬೆರಳಿನಿಂದಲೇ ಹಾಕಿ. ತೂತು ತೂತಿಗೆ ಸೇರದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಬ್ರೇಸ್ ಜೊತೆ ಶಿಮ್, ಅಂದರೆ ಸಂದಿ ತುಂಬುವ ತೆಳುವಾದ ಬಿಲ್ಲೆ, ಕೊಟ್ಟಿದ್ದರೆ ಸಂದಿ ಇರುವ ಕಡೆ ಅದನ್ನು ಸೇರಿಸಿ. ಆಗಲೂ ಕೂರದಿದ್ದರೆ ಆ ಬ್ರೇಸ್ ನಿಮ್ಮ ಬೈಕಿನದಲ್ಲ, ವಾಪಸ್ ಕೊಡಿ. ಕ್ಲಾಂಪ್ ಬಗೆಯದಾದರೆ ಎರಡು ಅರ್ಧಗಳ ನಡುವಿನ ಸಂದಿ ನೋಡಿ. ನಾನು ಮದುವೆ ಕಾರ್ಡಿನ ಒಂದು ತುಂಡು ತೂರಿಸಿ ನೋಡುತ್ತೇನೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ಹದದಲ್ಲಿ ಹೋಗಬೇಕು.

ಮತ್ತೆ ಫೋರ್ಕ್ ಒತ್ತಿ ಬಿಡಿ. ಅಲ್ಲಿಂದ ಮುಂದೆ ಎಡಕ್ಕೊಂದು ಬಲಕ್ಕೊಂದು ಬೋಲ್ಟ್, ಪ್ರತಿ ಸಲ ನಾಲ್ಕನೇ ಒಂದು ಸುತ್ತು. ನಡುನಡುವೆ ಒತ್ತಿ ನೋಡುತ್ತಿರಿ. ಯಾವ ಬೋಲ್ಟ್ ಬಿಗಿದ ಮೇಲೆ ಫೋರ್ಕ್ ಭಾರ ಅನ್ನಿಸಿತೋ ಅದನ್ನು ಸಡಿಲ ಮಾಡಿ ಆ ಕಡೆಯ ಸಂದಿ ನೋಡಿ. ಕೊನೆಯ ಬಿಗಿ ಬ್ರೇಸ್ ಜೊತೆ ಬಂದ ಚೀಟಿಯಲ್ಲಿ ಇರುವಷ್ಟೇ. ಅಲ್ಯೂಮಿನಿಯಂಗೆ ಹೋಗುವ 6 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು, 8 ಮಿ.ಮೀ. ಬೋಲ್ಟ್‌ಗೆ 20ರ ಆಸುಪಾಸು. ಕೈ ಅಂದಾಜಿನಲ್ಲಿ ಬಿಗಿದು ಥ್ರೆಡ್ ಹೋದರೆ ಕೊಳವೆಯೇ ಹಾಳಾದಂತೆ. ಎಲ್ಲ ಸರಿ ಅನ್ನಿಸಿದ ಮೇಲೆ ಒಂದೊಂದೇ ಬೋಲ್ಟ್ ಬಿಚ್ಚಿ, ಒಂದು ಹನಿ ಥ್ರೆಡ್ ಲಾಕರ್ ಹಾಕಿ, ಅದೇ ಲೆಕ್ಕಕ್ಕೆ ಬಿಗಿಯಿರಿ.

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸ್ ಆಗಲಿ ಎಬಿಎಸ್ ವೈರ್ ಆಗಲಿ ಎಲ್ಲೂ ಎಳೆಯಬಾರದು, ಬ್ರೇಸ್‌ನ ಅಂಚಿಗೆ ಉಜ್ಜಬಾರದು. ಇದನ್ನು ಫೋರ್ಕ್ ಒತ್ತಿ ಹಿಡಿದೂ ನೋಡಿ.

ಓಡಿಸಿ ನೋಡುವುದು

ಕ್ರೋಮ್ ಪೈಪಿಗೆ ಕೇಬಲ್ ಟೈ ಕಟ್ಟಿ ಸೀಲ್ ತನಕ ಇಳಿಸಿ, ನಿಮ್ಮ ಬೀದಿಯ ಹಂಪ್‌ಗಳ ಮೇಲೆ ನಿಧಾನವಾಗಿ ಹೋಗಿ ಬನ್ನಿ. ಫೋರ್ಕ್ ಎಷ್ಟು ಒಳಗೆ ಹೋಯಿತು ಅಂತ ಟೈ ತೋರಿಸುತ್ತದೆ. ಬ್ರೇಸ್ ಹಾಕುವ ಮೊದಲೂ ಹೀಗೇ ಅಳೆದು ಬರೆದಿಟ್ಟುಕೊಂಡಿರಿ. ಅದೇ ಹಂಪ್, ಅದೇ ವೇಗದಲ್ಲಿ ಈಗ ಬಹಳ ಕಮ್ಮಿ ಬಂದರೆ ಫೋರ್ಕ್ ಹಿಡಿಯುತ್ತಿದೆ. ಮತ್ತೆ ಸಡಿಲ ಮಾಡಿ ಕೂರಿಸಿ. ಸರಿಯಿದ್ದರೆ ಟೈ ಕತ್ತರಿಸಿ ತೆಗೆದು ಗೇಟರ್ ಇಳಿಸಿ.

ಪ್ರತಿ ಬೋಲ್ಟ್ ತಲೆಯಿಂದ ಬ್ರೇಸ್ ಮೇಲಕ್ಕೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. 100 ಕಿ.ಮೀ. ಆದ ಮೇಲೆ ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ಆ ಬೋಲ್ಟ್ ಅಲುಗಿದೆ.