ಮತಗಳ್ಳತನದ ಜಗಳ ಇರಲಿ, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ?

ಮತದಾರರ ಪಟ್ಟಿಯಲ್ಲೇ ಮೋಸ ಮಾಡಿ ಮತಗಳ್ಳತನ ಆಗಿದೆ ಅಂತ ಒಬ್ಬರು, ಎಲ್ಲ ಸುಳ್ಳು ಅಂತ ಇನ್ನೊಬ್ಬರು. ಕೊಪ್ಪದ ಹೋಟೆಲ್‌ನಲ್ಲಿ ಕಾಫಿ ತಣ್ಣಗಾದರೂ ಈ ವಾದ ಮುಗಿಯುವುದಿಲ್ಲ. ವಾದ ಮಾಡುವವರನ್ನೇ 'ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿದ್ದೀರಾ' ಅಂತ ಕೇಳಿ, ಸುಮ್ಮನಾಗುತ್ತಾರೆ. ನಮ್ಮ ಶೃಂಗೇರಿ ಕ್ಷೇತ್ರದಲ್ಲಿ 2023ರಲ್ಲಿ ಘೋಷಣೆಯಾದ ಗೆಲುವಿನ ಅಂತರ ಬರೀ 201 ಮತ. ಹಾಗಾಗಿ ಒಂದೊಂದು ಹೆಸರೂ ಲೆಕ್ಕವೇ.

ಮೊದಲು ಹುಡುಕಿ. ವೋಟರ್ ಕಾರ್ಡ್ ಕೈಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್‌ಗೆ ಹೋಗಿ ಕಾರ್ಡಿನ ಮೇಲಿರುವ ಎಪಿಕ್ ನಂಬರ್ ಹಾಕಿ. ಹೆಸರು ಹಾಕಿ ಹುಡುಕಿದರೆ ತಲೆನೋವು. ನಮ್ಮ ಅತ್ತೆಯ ಹೆಸರಲ್ಲಿ ಯಾರೋ ಒಂದು ಒತ್ತಕ್ಷರ ನುಂಗಿದ್ದರು, ಅರ್ಧ ಗಂಟೆ ಹುಡುಕಿ 'ನನ್ನ ಓಟೇ ಕದ್ದುಬಿಟ್ಟರಲ್ಲೋ' ಅಂತ ಗೋಳಾಡಿದ್ದೂ ಆಯ್ತು, ನಂಬರ್ ಹಾಕಿದ ಕೂಡಲೇ ಸಿಕ್ಕಿತು. ಫಾರಂ 8 ಕೊಟ್ಟು ತಿದ್ದಿಸಿದೆವು. ಮನೆ ಬದಲಾಯಿಸಿದವರಿಗೂ ಅದೇ ಫಾರಂ. ಹೊಸಬರಿಗೆ ಫಾರಂ 6.

ಫಾರಂ 7 ಮಾತ್ರ ಬೇರೆ ಕಥೆ. ಇನ್ನೊಬ್ಬರ ಹೆಸರು ತೆಗೆಯಿರಿ ಅಂತ ಕೇಳುವ ಅರ್ಜಿ ಇದು. ಕಲಬುರಗಿಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಇಂಥ 6,018 ಅರ್ಜಿ ಆನ್‌ಲೈನ್‌ನಲ್ಲಿ ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಅಂತ ಆಯೋಗವೇ ಹೇಳಿದೆ. ಅರ್ಜಿ ಬಂತು ಅಂದಮಾತ್ರಕ್ಕೆ ನಿಮ್ಮನ್ನು ಕೇಳದೆ ಹೆಸರು ತೆಗೆಯುವ ಹಾಗಿಲ್ಲ. ತೆಗೆದುಬಿಟ್ಟಿದ್ದರೆ ಕಾರಣ ಕೇಳಿ, ಬರವಣಿಗೆಯಲ್ಲೇ ಕೇಳಿ. ನೋಂದಣಿ ಅಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಇನ್ನೊಂದು ತೊಂದರೆ. ಪಟ್ಟಿ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ವರ್ಷದ ಕೊನೆಗೆ, ಕಾಫಿ ಹಣ್ಣು ಕೊಯ್ಯುವುದೂ ಆಗಲೇ. ಪಟ್ಟಿ ಪರಿಶೀಲನೆಗೆ ಮನೆಮನೆಗೆ ಬರುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಗಂಡ ಹೆಂಡತಿ ಇಬ್ಬರೂ ತೋಟದಲ್ಲಿರುತ್ತಾರೆ, ಬಾಗಿಲಿಗೆ ಬೀಗ. ಪಕ್ಕದವರು 'ಗೊತ್ತಿಲ್ಲ' ಅಂದರೆ 'ಸ್ಥಳಾಂತರ' ಅಂತ ಬರೆದುಕೊಂಡು ಹೋಗುವ ಸಾಧ್ಯತೆ ಇದೆ. ಅದಕ್ಕೇ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಹೇಳಿ, ಬಿಎಲ್‌ಒ ಸಂಜೆ ಬರುವ ಹಾಗೆ ಮಾಡಿಕೊಳ್ಳಿ. ಹಾಗೇ, ಒಂದೇ ವಿಳಾಸದಲ್ಲಿ ಮೂವತ್ತು ಓಟು ಕಂಡರೆ ಬೆಂಗಳೂರಲ್ಲಿ ಅನುಮಾನ ಬರಬಹುದು, ಇಲ್ಲಿ ಅದು ಆರು ಮನೆಯ ಒಂದು ಸಾಲೂ ಆಗಿರಬಹುದು ಅಲ್ವಾ? ಮೋಸ ಇಲ್ಲವೇ ಇಲ್ಲ ಅಂತಲ್ಲ. ಊರಲ್ಲೊಂದು, ಬೆಂಗಳೂರಲ್ಲೊಂದು ಓಟು ಇಟ್ಟುಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ, ಮತಗಳ್ಳತನದ ಬಗ್ಗೆ ಜಾಸ್ತಿ ಕೂಗಾಡುವವರೂ ಅವರೇ. ಎರಡು ಕಡೆ ಓಟು ಇಟ್ಟುಕೊಳ್ಳುವುದು ಕಾನೂನು ಪ್ರಕಾರ ತಪ್ಪು. ಅರ್ಜಿಯಲ್ಲಿ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಮತದಾನದ ದಿನ ಕಾರ್ಡ್ ಸಿಗಲಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್ ನಡೆಯುತ್ತದೆ. 'ನಿಮ್ಮ ಓಟು ಆಗಲೇ ಆಗಿದೆಯಲ್ಲ' ಅಂದರೆ ವಾಪಸ್ ಬರಬೇಡಿ, ಮತಗಟ್ಟೆ ಅಧಿಕಾರಿಗೆ ಗುರುತು ತೋರಿಸಿ ಟೆಂಡರ್ಡ್ ವೋಟ್ ಕೇಳಿ. ಮಷಿನ್ ಅಲ್ಲ, ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಕವರಿನಲ್ಲಿ ಇಡುತ್ತಾರೆ, ಮಾಮೂಲಿ ಎಣಿಕೆಗೆ ಸೇರಿಸುವುದಿಲ್ಲ, ಆದರೆ ಪ್ರಕರಣ ಕೋರ್ಟಿಗೆ ಹೋದರೆ ಆ ಕವರು ಸಾಕ್ಷಿ. ಬೇರೆಯವರ ಹೆಸರಲ್ಲಿ ಯಾರೋ ಬಂದಿದ್ದಾರೆ ಅನಿಸಿದರೆ ಪಕ್ಷದ ಏಜೆಂಟ್ ಅಲ್ಲೇ ಆಕ್ಷೇಪ ಎತ್ತಬಹುದು. ಅದಕ್ಕೆ ಕಟ್ಟಬೇಕಾದ ಠೇವಣಿ 2 ರೂಪಾಯಿ.