ಹೈಡ್ರೋಫೋನಲ್ಲೇ ಗಾಳಿ ಅಳೆದಿದ್ದು: ನನ್ನ ಅನುಭವ

ಹೈಡ್ರೋಫೋನ್ ಅಂದ್ರೆ ನೀರೊಳಗಿನ ಮೈಕ್. ಅದನ್ನ ಸಮುದ್ರಕ್ಕೆ ಇಳಿಸಿ, ನೀರೊಳಗಿನ ಸದ್ದು ಕೇಳ್ಕೊಂಡೇ ಮೇಲೆ ಗಾಳಿ ಎಷ್ಟಿದೆ ಹೇಳ್ತೀನಿ ಅಂದಾಗ ಅಗ್ಗದ ರೆಕಾರ್ಡರಲ್ಲಿ ಅದೆಲ್ಲ ಆಗಲ್ಲ ಬಿಡಪ್ಪ ಅಂದವರೇ ಜಾಸ್ತಿ. ಈಗ ಸೆಕೆಂಡಿಗೆ 4ರಿಂದ 12 ಮೀಟರ್ ಗಾಳಿ ಇದ್ರೆ ಗಾಳಿ ವೇಗ ಅಳೆಯೋ ಅನೆಮೋಮೀಟರಿಗೂ ನನ್ನ ಲೆಕ್ಕಕ್ಕೂ ಒಂದೂವರೆ ಮೀಟರ್ ಆಚೀಚೆ ಅಷ್ಟೇ, ಇನ್ನೇನ್ ಬೇಕು.

ದುಡ್ಡು ತಿಂದಿದ್ದು ಹೈಡ್ರೋಫೋನ್ ಅಲ್ಲ, ಅದು ಖರ್ಚಲ್ಲಿ ಕಾಲು ಭಾಗ ಇರ್ಬೋದು. ಉಳಿದದ್ದೆಲ್ಲ ಹಗ್ಗ, ಫ್ಲೋಟ್, ಬ್ಯಾಟರಿ, ದೋಣಿ ಬಾಡಿಗೆ. ನೀರ ಮೇಲೆ ತೇಲೋ ಬುರುಡೆಗೆ (buoy) ನೇರ ಕಟ್ಟಿ ಇಳಿಸಿದಾಗ ಪ್ರತಿ ಅಲೆಗೂ ಹೈಡ್ರೋಫೋನ್ ಮೇಲೆ ಕೆಳಗೆ ಕುಣಿದು ಪ್ರೀಆಂಪ್ (ಸಣ್ಣ ಸಿಗ್ನಲನ್ನ ದೊಡ್ಡದು ಮಾಡೋ ಭಾಗ) ತಡೀಲಾರದೆ ಸದ್ದು ಒಡೆದುಹೋಗೋದು, ಅದು ಸಾಲ್ದು ಅಂತ ನೀರಿನ ಸೆಳೆತ ಜೋರಾದ್ರೆ ಕೇಬಲ್ ತಂಬೂರಿ ತಂತಿ ಥರ ಗುಂಯ್ ಅನ್ನೋದು. ಫ್ಲೋಟನ್ನ ನೀರೊಳಗೆ ಇಳಿಸಿ ತಳದಿಂದ ಕಟ್ಟಿದ್ಮೇಲೇ ಶಾಂತಿ. ಆ ಗುಂಯ್ ನಿಲ್ಲಿಸೋಕೆ ಕೇಬಲ್‌ಗೆ ನಾನು ಏನ್ ಸುತ್ತಿದೆ ಅನ್ನೋದು ಮಾತ್ರ ಸದ್ಯಕ್ಕೆ ಹೇಳಲ್ಲ.

ಇನ್ನು ಯಾವ ಫ್ರೀಕ್ವೆನ್ಸಿ ಕೇಳ್ಬೇಕು ಅನ್ನೋದು. 200 ಹರ್ಟ್ಸ್ ಕೆಳಗೆ ಗಾಳಿ ಸದ್ದು ಹುಡುಕೋಕೆ ಹೋಗ್ಲೇಬೇಡಿ, ದೂರದ ಹಡಗುಗಳದ್ದೇ ರಾಜ್ಯ ಅಲ್ಲಿ. ನಾನು ನಿಂತಿದ್ದು 8 ಕಿಲೋಹರ್ಟ್ಸಲ್ಲಿ. ಗಾಳಿ ಡಬಲ್ ಆದ್ರೆ ಅಲ್ಲಿ ಸದ್ದು ಸುಮಾರು 5-6 ಡೆಸಿಬೆಲ್ ಏರುತ್ತೆ. ಸರಾಸರಿ ತಗೊಂಡ್ರೆ ಹತ್ತಿರ ಹೋಗೋ ಒಂದು ಮೋಟರ್ ದೋಣಿ ಸಾಕು ಕೆಡ್ಸೋಕೆ, ಅದಕ್ಕೇ ರೆಕಾರ್ಡಿಂಗನ್ನ ಚಿಕ್ಕ ಚಿಕ್ಕ ತುಂಡು ಮಾಡಿ ಕೆಳಗಿನ ಪರ್ಸೆಂಟೈಲ್ (ಅಂದ್ರೆ ಸದ್ದು ಕಮ್ಮಿ ಇರೋ ತುಂಡುಗಳ ಮಟ್ಟ) ತಗೊಂಡೆ, ಸ್ನ್ಯಾಪಿಂಗ್ ಶ್ರಿಂಪ್ ಅನ್ನೋ ಚಿಟಿಕೆ ಹೊಡಿಯೋ ಸಿಗಡಿಗಳ ಚಟಪಟಾನೂ ಬಹುಪಾಲು ಹೋಯ್ತು. ಎಷ್ಟನೇ ಪರ್ಸೆಂಟೈಲ್ ಅಂತ ನೀವೇ ನಿಮ್ಮ ಡೇಟಾದಲ್ಲಿ ನೋಡ್ಕೊಳ್ಳಿ.

ಮಧ್ಯೆ ಇನ್ನೊಂದು ಮಜಾ. ಗಾಳಿ ನಿಂತ ಮೇಲೂ ಸ್ವೆಲ್ (ದೂರದಿಂದ ಉರುಳಿ ಬರೋ ಉದ್ದನೆ ಅಲೆ) ಎತ್ತರವಾಗೇ ಇತ್ತು, ಸದ್ದು ಮಾತ್ರ ಇಳಿದೇಬಿಡ್ತು. ಅಲೆ ಎತ್ತರ ಇದ್ರೆ ಸಾಲ್ದು, ಒಡೀಬೇಕು, ಒಡೆದಾಗ ಹುಟ್ಟೋ ಗುಳ್ಳೆಗಳೇ ಕೂಗೋದು. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಮೇಲ್ಮೈ ಹತ್ರ 3.3 ಕಿಲೋಹರ್ಟ್ಸಲ್ಲಿ ಕೂಗುತ್ತೆ. ತುಂತುರು ಮಳೆ ಬಂದ್ರೆ 14-15 ಕಿಲೋಹರ್ಟ್ಸ್ ಹತ್ರ ಸದ್ದಿನ ಗ್ರಾಫಲ್ಲಿ ಬೇರೇನೇ ಗುಡ್ಡ ಏಳುತ್ತೆ, 8 ಕಿಲೋಹರ್ಟ್ಸ್ ಲೆವೆಲ್ ಜೊತೆ ಹೋಲಿಸಿ ಅಂಥ ತುಂಡುಗಳನ್ನ ಎತ್ತಿ ಬಿಸಾಕ್ದೆ.

ಬಿರುಗಾಳಿಲಿ ಈ ಲೆಕ್ಕ ನಂಬ್ಬೇಡಿ. ಗುಳ್ಳೆ ಮೋಡ ದಟ್ಟ ಆಗಿ ಹೊಸ ಸದ್ದನ್ನ ಅದೇ ನುಂಗುತ್ತೆ, 20 ಕಿಲೋಹರ್ಟ್ಸಲ್ಲಂತೂ ಗಾಳಿ ಏರ್ತಿದ್ರೂ ಲೆವೆಲ್ ಇಳಿಯುತ್ತೆ. ಆವಾಗ 2-3 ಕಿಲೋಹರ್ಟ್ಸಿಗೆ ಇಳಿದು ನೋಡ್ತಿದೀನಿ, ಹಡಗಿಲ್ಲದ ರಾತ್ರಿ ಪರವಾಗಿಲ್ಲ ಅನ್ನೋ ಥರ ಬರ್ತಿದೆ.