ಬಿಳಿ ಕೋಟಿಗೆ ಬಿಳಿ ಬಣ್ಣ ಹಚ್ಚಬೇಡಿ

ನನ್ನ ಬಿಳಿಕೋಟಿನ ರೆಜಿಮೆಂಟ್ ಕೊನೆಗೂ ಮುಗಿಯಿತು. 28 ಎಂಎಂ ಅಳತೆಯ ಅರವತ್ತು ಗೊಂಬೆ ಸೈನಿಕರು. ನಲವತ್ತು ಜನ ಮಸ್ಕೆಟಿನವರು (ಹಳೇ ಕಾಲದ ಬಂದೂಕು), ಇಪ್ಪತ್ತು ಜನ ಪೈಕಿನವರು (ಉದ್ದನೆಯ ಈಟಿ). ಹೆಚ್ಚುಕಮ್ಮಿ ಹದಿನಾಲ್ಕು ತಿಂಗಳು ಹಿಡಿಯಿತು. ಬಿಳಿಕೋಟುಗಳಿಗೆ ಬೇರೆ ಬೇರೆ ಉಣ್ಣೆ ಬಣ್ಣ ಹಚ್ಚಿದರೆ ಕೊಳಕು ಗುಂಪಿನ ಹಾಗೆ ಕಾಣುತ್ತೆ ಅಂತ ಯಾರ್ಕ್‌ನ ನಮ್ಮ ಕ್ಲಬ್ಬಿನ ಹಳಬರೆಲ್ಲ ಹೇಳಿದ್ದರು. ಹಾಗೆ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇವರು ನ್ಯೂಕಾಸಲ್‌ನ ಮಾರ್ಕ್ವಿಸ್ ವಿಲಿಯಂ ಕ್ಯಾವೆಂಡಿಶ್‌ನ ಕಾಲಾಳುಗಳು. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ, 1644ರ ಜುಲೈ 2ರ ಸಂಜೆ ಮಾರ್ಸ್ಟನ್ ಮೂರ್‌ನಲ್ಲಿ ರಾಜನ ಸೈನ್ಯ ಚದುರಿಹೋದ ಮೇಲೂ ಜಾಗ ಬಿಡದೆ ನಿಂತವರು. ಆ ಬಯಲು ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಲಾಂಗ್ ಮಾರ್ಸ್ಟನ್ ಮತ್ತು ಟಾಕ್‌ವಿತ್ ನಡುವಿನ ರಸ್ತೆಯಲ್ಲಿ ಸ್ಮಾರಕದ ಕಂಬ ಇದೆ. ಮೊದಲ ಸಲ ಅಲ್ಲಿ ನಿಂತ ದಿನವೇ ಈ ರೆಜಿಮೆಂಟನ್ನು ಮಾಡಲೇಬೇಕು ಅಂದುಕೊಂಡೆ.

ಮೊದಲನೇ ಸಲ ಎಲ್ಲರ ಹಾಗೇ ಮಾಡಿದೆ. ಬಿಳಿ ಪ್ರೈಮರ್ (ತಳದ ಬಣ್ಣ), ಮೇಲೆ ಬೂದು ವಾಶ್ (ಮಡಿಕೆಗಳಿಗೆ ಇಳಿಯುವ ತೆಳು ಬಣ್ಣ), ಆಮೇಲೆ ಉಬ್ಬಿದ ಕಡೆ ಬಿಳಿ ಹೈಲೈಟ್. ಹನ್ನೆರಡು ಜನ ಮುಗಿದಾಗ ಸಾಲಾಗಿ ನಿಲ್ಲಿಸಿದೆ. ಸುಣ್ಣ ಬಳಿದ ಗೊಂಬೆಗಳ ಹಾಗಿದ್ದರು. ಬಟ್ಟೆ ಅಂತ ಅನ್ನಿಸಲೇ ಇಲ್ಲ. ಎರಡನೇ ಸಲ ಕಂದು ಡಿಪ್‌ನಲ್ಲಿ ಅದ್ದಿದೆ. ಮಡಿಕೆಗಳಲ್ಲೆಲ್ಲ ಟೀ ಕಲೆ. ಮೂರನೇ ಸಲ ಬಣ್ಣ ಸರಿಯಾಗಿ ಬಂತು ಅನ್ನುವಾಗ ವಾರ್ನಿಶ್ ಕೈಕೊಟ್ಟಿತು. ಜನವರಿಯ ಚಳಿ, ಗ್ಯಾರೇಜಿನಲ್ಲಿ ತೇವ. ಸ್ಪ್ರೇ ಮಾಡಿ ಬೆಳಿಗ್ಗೆ ನೋಡಿದರೆ ಎಲ್ಲರ ಮೇಲೂ ಮಂಜು ಬಿದ್ದ ಹಾಗೆ ಬಿಳಿ ಪೊರೆ. ಬ್ರಷ್‌ನಲ್ಲಿ ಗ್ಲಾಸ್ ವಾರ್ನಿಶ್ (ಹೊಳಪಿನದು) ಹಚ್ಚಿದ ಮೇಲೆ ಅರ್ಧದಷ್ಟು ಜನ ಉಳಿದರು. ಮಿಕ್ಕವರನ್ನು ಆಂಟಿಸೆಪ್ಟಿಕ್ ದ್ರವದಲ್ಲಿ ನೆನೆಹಾಕಿ, ಬಣ್ಣ ಬಿಡಿಸಲು ನೇರವಾಗಿ ನಲ್ಲಿ ನೀರಿಗೆ ಹಿಡಿದೆ. ನೀರು ತಾಕಿದ್ದೇ ತಡ, ಬಿಟ್ಟ ಬಣ್ಣವೆಲ್ಲ ಗೋಂದಾಗಿ ಮುಖ, ಕೈ, ಗುಂಡಿಗಳಿಗೆ ಅಂಟಿಕೊಂಡಿತು. ಆರು ಜನರನ್ನು ಬಿಸಾಡಬೇಕಾಯಿತು. ಮೊದಲು ಅದೇ ದ್ರವದಲ್ಲೇ ಬ್ರಷ್‌ನಿಂದ ಉಜ್ಜಿ ಪೂರ್ತಿ ತೆಗೆಯಬೇಕು, ನೀರು ಆಮೇಲೆ. ಲೋಹದ ಗೊಂಬೆ ಒಂದಕ್ಕೆ ಸುಮಾರು ಎರಡು ಪೌಂಡ್ ಲೆಕ್ಕ ಹಾಕಿ ನೋಡಿ.

ದಾರಿ ಸಿಕ್ಕಿದ್ದು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ. ಬಿಳಿ ಬಟ್ಟೆ ಬಿಳಿಯಾಗಿ ಕಾಣುತ್ತಿಲ್ಲ ಅಂತ ಗೋಳು ಹೇಳಿಕೊಂಡೆ. ಉಣ್ಣೆ ಬಟ್ಟೆ ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ನಮ್ಮ ಮದುವೆಗೆ ಹಾಸಿದ ಕಂಬಳಿ ನೆನಪಿದೆಯೇನೋ? ಬಿಳಿ ಕಂಬಳಿ ಅಂತೀವಿ. ಎಲ್ಲಿ ಬಿಳಿ ಇದೆ ಅದು?"

ಹೌದಲ್ವಾ! ಚಳ್ಳಕೆರೆ ಕಡೆಯಿಂದ ತಂದ ಆ ಕಂಬಳಿ ಇನ್ನೂ ಮನೆಯಲ್ಲಿದೆ. ಕೆನೆ, ಬೂದು, ಒಣಹುಲ್ಲು ಮೂರೂ ಸೇರಿದ ಬಣ್ಣ. ಒಂದು ಮೂಲೆ ಇದ್ದ ಹಾಗೆ ಇನ್ನೊಂದು ಇಲ್ಲ. ನ್ಯೂಕಾಸಲ್‌ನ ಮಾರ್ಕ್ವಿಸನ ಹೆಂಡತಿ ಮಾರ್ಗರೇಟ್ 1667ರಲ್ಲಿ ಬರೆದಿಟ್ಟದ್ದೂ ಅದೇ. ಸಾಕಷ್ಟು ಕೆಂಪು ಬಟ್ಟೆ ಸಿಗಲಿಲ್ಲವಂತೆ. ಗಂಡ ಬಿಳಿಯದನ್ನು ತಂದು, ಬಣ್ಣ ಹಾಕಿಸುವವರೆಗೆ ತಡೆಯಿರಿ ಅಂದನಂತೆ. ಸೈನಿಕರು ತಡೆಯಲಿಲ್ಲ. ಹಾಗೇ ಕೊಡಿ, ಶತ್ರುವಿನ ರಕ್ತದಲ್ಲಿ ನಾವೇ ಬಣ್ಣ ಹಾಕಿಕೊಳ್ಳುತ್ತೇವೆ ಅಂದರಂತೆ. ಅಂದರೆ ಅದು ಬಣ್ಣ ಕಾಣದ ಉಣ್ಣೆ. ಬಿಳಿ ಅನ್ನೋದು ಬರೀ ಹೆಸರು.

ಮರುದಿನವೇ ಟಾಕ್‌ವಿತ್ ಕಡೆ ಹೋದೆ. ಒಂದು ಕುರಿ ಹೊಲದ ಮುಳ್ಳುತಂತಿಗೆ ಸಿಕ್ಕಿಕೊಂಡಿದ್ದ ಉಣ್ಣೆ ಎಳೆಗಳನ್ನು ಬಿಡಿಸಿ ಜೇಬಿಗೆ ಹಾಕಿಕೊಂಡೆ. ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು ಕಿಟಕಿಯಲ್ಲಿ ಒಣಗಿಸಿದೆ. ಬಿಳಿ ಕಾಗದದ ಮೇಲೆ ಇಟ್ಟಾಗ ಎಳೆ ಹಳದಿಗೆ ತಿರುಗಿತು. ಕಪ್ಪು ಕಾಗದದ ಮೇಲೆ ಇಟ್ಟರೆ ಬೆಳ್ಳಗಿತ್ತು. ಬಣ್ಣ ಹೇಗೆ ಕಾಣುತ್ತೆ ಅನ್ನೋದು ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ. ಅಲ್ಲಿಗೆ ನನ್ನ ಕೆಲಸ ಅರ್ಧ ಮುಗಿಯಿತು.

ಈಗ ಮಾಡುವುದು ಹೀಗೆ. ಪ್ರೈಮರ್ ತಿಳಿ ಕಂದು. ಬಿಳಿಯೂ ಬೇಡ, ಕಪ್ಪೂ ಬೇಡ. ನಾಲ್ಕು ಸಣ್ಣ ಡಬ್ಬಿಗಳಲ್ಲಿ ನಾಲ್ಕು ಉಣ್ಣೆ ಬಣ್ಣ ಕಲಸಿಟ್ಟಿದ್ದೇನೆ. ಮೊದಲನೆಯದು ಬಫ್‌ಗೆ (ಹಳದಿ ಮಿಶ್ರಿತ ತಿಳಿ ಕಂದು) ಚೂರು ಬೂದು. ಎರಡನೆಯದು ಬಫ್ ಮತ್ತು ಐವರಿ (ದಂತದ ಬಣ್ಣ) ಸಮಸಮ. ಮೂರನೆಯದು ಖಾಕಿಗೆ ಐವರಿ. ನಾಲ್ಕನೆಯದು ಕಂದು ಜಾಸ್ತಿ ಇರುವ ಮಿಶ್ರಣ, ಅದು ಏಳೆಂಟು ಜನಕ್ಕೆ ಮಾತ್ರ. ಒಬ್ಬೊಬ್ಬರಿಗೂ ಒಂದೊಂದು ಅಂತ ಹಂಚಬೇಡಿ. ಬಟ್ಟೆ ಥಾನಿನಲ್ಲಿ ಬರುತ್ತೆ, ಅಕ್ಕಪಕ್ಕದ ನಾಲ್ಕೈದು ಜನಕ್ಕೆ ಒಂದೇ ಥಾನು. ಹಾಗೇ ಗುಂಪುಗುಂಪಾಗಿ ಹಚ್ಚಿ, ನಡುನಡುವೆ ಒಬ್ಬ ಬೇರೆಯವನನ್ನು ಸೇರಿಸಿ. ಯಾರಿಗೆ ಯಾವ ಡಬ್ಬಿ ಅಂತ ಬೇಸ್ ಕೆಳಗೆ ನಂಬರ್ ಬರೆದುಕೊಳ್ಳಿ. ಇಲ್ಲದಿದ್ದರೆ ಹೈಲೈಟ್ ಹೊತ್ತಿಗೆ ತಲೆಕೆಡುತ್ತದೆ.

ಹೈಲೈಟ್ ಐವರಿಗೆ ನಿಲ್ಲಬೇಕು. ಅದೂ ಭುಜ ಮತ್ತು ಮೊಣಕೈ ಮೇಲೆ ಮಾತ್ರ. ಅಪ್ಪಟ ಬಿಳಿ ಇಡೀ ಮೈಯಲ್ಲಿ ಒಂದೇ ಕಡೆ, ಕಾಲರ್. ಕಾಲರ್ ಲಿನನ್ ಬಟ್ಟೆಯದು, ಬಿಸಿಲಲ್ಲಿ ಬಿಳುಪು ಮಾಡಿದ್ದು. ಪಕ್ಕದಲ್ಲಿ ಆ ನಾಲ್ಕು ಮಿಲಿಮೀಟರ್ ಬಿಳಿ ಬಂದ ಕೂಡಲೇ ಕೋಟು ತಾನಾಗಿ ಉಣ್ಣೆಯಾಗುತ್ತದೆ. ನೀವೇ ಒಂದಕ್ಕೆ ಕಾಲರ್ ಹಚ್ಚಿ, ಇನ್ನೊಂದಕ್ಕೆ ಬಿಟ್ಟು ನೋಡಿ. ಕೊನೆಯ ಆಯಿಲ್ ವಾಶ್‌ನಲ್ಲಿ ಅಂಬರ್ ಅನ್ನುವ ಮಣ್ಣಿನ ಕಂದು ಬಣ್ಣ ಇದೆ. ಜೊತೆಗೆ ಇನ್ನೊಂದು ಬಣ್ಣ ಇದೆ, ಅದನ್ನು ಸದ್ಯಕ್ಕೆ ಹೇಳಲ್ಲ. ವಾಶ್‌ಗೆ ಮುಂಚೆ ಗ್ಲಾಸ್ ವಾರ್ನಿಶ್ ಪೂರ್ತಿ ಒಣಗಿರಬೇಕು. ನಾನು ಒಂದು ರಾತ್ರಿ ಅವಸರ ಮಾಡಿ ಎಂಟು ಜನರ ಬಣ್ಣ ಟರ್ಪಂಟೈನ್‌ಗೆ ಬಲಿ ಕೊಟ್ಟಿದ್ದೇನೆ.

ಪೈಕ್ ವಿಷಯ. ಹದಿನಾರು ಅಡಿ ಅಂತ ಲೆಕ್ಕ ಹಿಡಿದರೆ ನಮ್ಮ ಅಳತೆಗೆ ಎಂಟೂಮುಕ್ಕಾಲು ಸೆಂಟಿಮೀಟರ್ ಬರುತ್ತದೆ. ಊರಿಗೆ ಹೋದಾಗ ಒಂದು ಹಿಡಿ ತೆಂಗಿನ ಕಡ್ಡಿ ತಂದಿದ್ದೆ. ತುದಿಗೆ ಹೋದ ಹಾಗೆ ಸಣ್ಣಗಾಗುತ್ತೆ, ನೋಡಲು ನಿಜವಾದ ಪೈಕ್ ಹಾಗೇ ಇತ್ತು. ಒಂದು ಚಳಿಗಾಲ ಹೀಟರ್ ಪಕ್ಕ ಇದ್ದದ್ದೇ ಬಿಲ್ಲಿನ ಹಾಗೆ ಬಾಗಿದವು. ಕೊನೆಗೆ ಹತ್ತು ಸೆಂಟಿಮೀಟರಿನ ಸ್ಟೀಲ್ ತಂತಿ ತಂದು ಕತ್ತರಿಸಿದೆ. ಎಲ್ಲವನ್ನೂ ಒಂದೇ ಉದ್ದ ಮಾಡಲಿಲ್ಲ. ಹೊರಲಾಗದೆ ಕತ್ತರಿಸಿಕೊಳ್ಳುವುದು ಆಗ ಮಾಮೂಲಿ. ಹಿಡಿ ಆಶ್ ಮರದ್ದು, ಅದಕ್ಕೆ ಗಾಢ ಕಂದು ಬೇಡ, ಬೂದು ಬೆರೆತ ತಿಳಿ ಬಣ್ಣ ಹಚ್ಚಿ. ಬಂದೂಕಿನ ಮದ್ದಿಗೆ ಬೆಂಕಿ ಹಚ್ಚಲು ಮಸ್ಕೆಟಿನವರು ಹಿಡಿದಿರುವ ಬತ್ತಿಗೆ ಎರಡೂ ತುದಿಯಲ್ಲಿ ಮೊದಲು ಬೂದಿ ಬಣ್ಣ. ಆಮೇಲೆ ಗುಂಡುಸೂಜಿಯಿಂದ ಒಂದೇ ಒಂದು ಕಿತ್ತಳೆ ಚುಕ್ಕೆ. ಬ್ರಷ್ ಬೇಡ, ಚುಕ್ಕೆ ದಪ್ಪವಾಗುತ್ತೆ.

ಖರ್ಚು ನೆನಪಿರುವ ಹಾಗೆ ಹೇಳುತ್ತೇನೆ. ಗೊಂಬೆಗಳಿಗೆ 120 ಪೌಂಡ್, ಹಾಳಾದವಕ್ಕೆ ಬದಲು ತಂದದ್ದು ಹದಿನೈದೋ ಹದಿನೆಂಟೋ. ಬಣ್ಣ, ತಂತಿ, ಎರಡು ಒಳ್ಳೆಯ ಬ್ರಷ್ ಸೇರಿ ಐವತ್ತರ ಹತ್ತಿರ. ವಾರ್ನಿಶ್‌ಗೇ ಇಪ್ಪತ್ತು. ಮೊದಲು ಒಬ್ಬನಿಗೆ ಒಂದು ಗಂಟೆ ಬೇಕಿತ್ತು, ಈಗ ಮೂವತ್ತೈದು ನಿಮಿಷ ಸಾಕು.

ಕಳೆದ ತಿಂಗಳು ಕ್ಲಬ್ಬಿನ ಮೇಜಿನ ಮೇಲೆ ಅರವತ್ತೂ ಜನರನ್ನು ನಿಲ್ಲಿಸಿದೆ. ಮೂರಡಿ ದೂರದಿಂದ ಒಂದೇ ಬಿಳಿ ರೆಜಿಮೆಂಟ್. ಬಗ್ಗಿ ನೋಡಿದರೆ ಕೋಟುಗಳೆಲ್ಲ ಒಂದೇ ಬಣ್ಣ ಅಲ್ಲ. ಎಲ್ಲರಿಗಿಂತ ಜೋರಾಗಿ ಬೇಡ ಅಂದಿದ್ದ ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಸುಮಾರು ಹತ್ತು ನಿಮಿಷ ನೋಡಿದರು. ಮೂರನೇ ಡಬ್ಬಿಯಲ್ಲಿ ಏನೇನು ಎಷ್ಟೆಷ್ಟು ಅಂತ ಕೇಳಿ ಚೀಟಿಯಲ್ಲಿ ಬರೆದುಕೊಂಡರು.

ಈಗ 1645ರಲ್ಲಿ ಪಾರ್ಲಿಮೆಂಟ್ ಕಟ್ಟಿದ ನ್ಯೂ ಮಾಡೆಲ್ ಸೈನ್ಯದ ಕೆಂಪು ಕೋಟು ಶುರು ಮಾಡಿದ್ದೇನೆ. ಆಗಿನ ಕೆಂಪು ಮ್ಯಾಡರ್ ಅನ್ನುವ ಗಿಡದ ಬೇರಿನದು. ನಮ್ಮ ಮಂಜಿಷ್ಠ ಅದರ ದಾಯಾದಿ. ಅಮ್ಮ ಗ್ರಂಥಿಗೆ ಅಂಗಡಿಯಿಂದ ಕಾಲು ಕೆಜಿ ಪುಡಿ ತರಿಸಿ ಕಳಿಸಿದರು. ಬೇಲಿಯ ಉಣ್ಣೆಯನ್ನು ಪಟಿಕದ ನೀರಿನಲ್ಲಿ ನೆನೆಸಿ, ಪುಡಿ ಹಾಕಿ ಕೊತಕೊತ ಕುದಿಸಿದೆ. ಇಟ್ಟಿಗೆಯ ಕಂದು ಬಂತು. ಎರಡನೇ ಸಲ ಕುದಿ ಬರದ ಹಾಗೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟೆ. ಕಿತ್ತಳೆ ಛಾಯೆಯ ಒಳ್ಳೆಯ ಕೆಂಪು ಸಿಕ್ಕಿತು. ಬಾಟಲಿಯಿಂದ ಬರುವ ಕೆಂಪು ಇದರ ಮುಂದೆ ತೀರಾ ಹೊಳೆಯುತ್ತೆ. ಆ ಎಳೆಯನ್ನು ದೀಪದ ಕೆಳಗೆ ಅಂಟಿಸಿಕೊಂಡು ಬಣ್ಣ ಕಲಸುತ್ತಿದ್ದೇನೆ. ಮೊದಲ ಎಂಟು ಜನ ಕಿಟಕಿಯ ಬಳಿ ಒಣಗುತ್ತಿದ್ದಾರೆ.